ಕೂಡಿ ಕಲಿತ ವಿದ್ಯೆ

ವಿಜ್ಞಾನಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಏಕಾಂತದಲ್ಲಿ ಕುಳಿತು ಚಿಂತಿಸುವ ವ್ಯಕ್ತಿಯ ಚಿತ್ರ. ಸೂಕ್ಷ್ಮದರ್ಶಕದ ಮೇಲೆ ಬಾಗಿದ ತಲೆ, ಸುತ್ತಲೂ ಗಾಜಿನ ನಳಿಕೆಗಳು, ಹಲಗೆಯ ತುಂಬ ಗಣಿತದ ಸೂತ್ರಗಳು. ಈ ಚಿತ್ರ ಪೂರ್ಣವಾಗಿ ಸುಳ್ಳೇನೂ ಅಲ್ಲ. ಏಕಾಂತದ ತಪಸ್ಸಿನಿಂದ ಹೊರಬಂದ ಸತ್ಯಗಳು ಅನೇಕ. ಆದರೆ ಒಬ್ಬರ ಬುದ್ಧಿಗೆ, ಒಬ್ಬರ ಆಯುಷ್ಯಕ್ಕೆ ನಿಲುಕದ ಕೆಲಸಗಳು ಇಂದಿನ ವಿಜ್ಞಾನದಲ್ಲಿ ಹೆಚ್ಚುತ್ತಿವೆ. ಅಂತಹ ಕೆಲಸಗಳಿಗಾಗಿ ಸಂಶೋಧಕರು ಒಂದೆಡೆ ಸೇರಿ ಕಲಿಯುವ, ಕಲಿಯುತ್ತಲೇ ಮಾಡುವ ಪದ್ಧತಿಯೊಂದು ಇತ್ತೀಚೆಗೆ ಬೆಳೆದುಬಂದಿದೆ. ಅದರ ಸ್ವರೂಪವನ್ನು ಒಂದು ನಿದರ್ಶನದ ಮೂಲಕ ತಿಳಿಯೋಣ.

2018ನೆಯ ಇಸವಿಯ ಸೆಪ್ಟೆಂಬರ್ 15ರಂದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ‘ಐಸ್‌ಸ್ಯಾಟ್-2’ ಎಂಬ ಕೃತಕ ಉಪಗ್ರಹವು ಆಕಾಶಕ್ಕೇರಿತು. ಭೂಮಿಯ ಮೇಲಿನ ಹಿಮರಾಶಿಯ ಎತ್ತರವನ್ನು ಅಳೆಯುವುದು ಅದರ ಮುಖ್ಯ ಉದ್ದೇಶ. ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಅದು ಒಂದು ಸೆಕೆಂಡಿಗೆ 10,000 ಬಾರಿ ಹಸಿರು ಲೇಸರ್ ಬೆಳಕನ್ನು ಭೂಮಿಯತ್ತ ಮಿಡಿಯುತ್ತದೆ. ಪ್ರತಿಯೊಂದು ಮಿಡಿತವೂ ಆರು ಕಿರಣಗಳಾಗಿ ಒಡೆದು ನೆಲವನ್ನು ಮುಟ್ಟುತ್ತದೆ. ಹೊರಟ ಅಸಂಖ್ಯ ಬೆಳಕಿನ ಕಣಗಳಲ್ಲಿ ಕೆಲವೇ ಕೆಲವು ಹಿಮಕ್ಕೆ ತಾಗಿ ಹಿಂದಿರುಗಿ ಉಪಗ್ರಹದ ದೂರದರ್ಶಕವನ್ನು ಸೇರುತ್ತವೆ. ಹೋಗಿ ಬರಲು ತೆಗೆದುಕೊಂಡ ಕಾಲವನ್ನು ಉಪಕರಣವು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸೂಕ್ಷ್ಮವಾಗಿ ಎಣಿಸುತ್ತದೆ. ಬೆಳಕಿನ ವೇಗವು ನಮಗೆ ತಿಳಿದಿರುವುದರಿಂದ ಆ ಕಾಲದಿಂದ ದೂರವನ್ನೂ, ದೂರದಿಂದ ಹಿಮದ ಎತ್ತರವನ್ನೂ ಲೆಕ್ಕಹಾಕಬಹುದು. 91 ದಿನಗಳಿಗೊಮ್ಮೆ ಉಪಗ್ರಹವು ಮತ್ತೆ ಅದೇ ದಾರಿಯಲ್ಲಿ ಹಾಯುತ್ತದೆ. ಹಿಂದಿನ ಎತ್ತರವನ್ನು ಇಂದಿನ ಎತ್ತರದೊಡನೆ ಹೋಲಿಸಿದರೆ ಹಿಮವು ಬೆಳೆದಿದೆಯೋ ಕರಗಿದೆಯೋ ತಿಳಿಯುತ್ತದೆ.

ಕೇಳಲು ಇದು ಸುಲಭವಾದ ಲೆಕ್ಕ. ಆದರೆ ಸೆಕೆಂಡಿಗೆ 10,000 ಮಿಡಿತಗಳೆಂದರೆ ಒಂದು ದಿನಕ್ಕೆ 86 ಕೋಟಿ 40 ಲಕ್ಷ ಮಿಡಿತಗಳಾದವು! ಈ ಅಂಕಿಗಳ ಮಹಾರಾಶಿಯನ್ನು ಕೈಯಿಂದ ಬರೆದು ಮುಗಿಸುವವರಾರು? ಅಷ್ಟೇ ಅಲ್ಲ, ದೂರದರ್ಶಕದೊಳಗೆ ಬೀಳುವ ಕಣಗಳೆಲ್ಲವೂ ಲೇಸರಿನವಲ್ಲ. ಸೂರ್ಯನ ಬೆಳಕೂ ಅದರಲ್ಲಿ ಬೆರೆತಿರುತ್ತದೆ. ಮೋಡಕ್ಕೆ ತಾಗಿ ಮರಳಿದ ಕಣಗಳೂ ಇರುತ್ತವೆ. ಕಾಳಿನಿಂದ ಜೊಳ್ಳನ್ನು ತೂರಿ ಬೇರ್ಪಡಿಸುವಂತೆ ಇವನ್ನು ಬೇರ್ಪಡಿಸಬೇಕು. ಈ ಕೆಲಸವನ್ನು ಗಣಕಯಂತ್ರವೇ ಮಾಡಬೇಕು. ಗಣಕಯಂತ್ರಕ್ಕೆ ಏನು ಮಾಡಬೇಕೆಂಬ ಆದೇಶಗಳ ಸರಣಿಯನ್ನು, ಎಂದರೆ ಪ್ರೋಗ್ರಾಮನ್ನು, ಮನುಷ್ಯನೇ ಬರೆದುಕೊಡಬೇಕು.

ಇಲ್ಲಿಯೇ ತೊಡಕು. ಹಿಮದ ಸ್ವಭಾವವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಪ್ರೋಗ್ರಾಮಿನ ರಚನೆ ಬಾರದಿರಬಹುದು. ಪ್ರೋಗ್ರಾಮಿನಲ್ಲಿ ನಿಪುಣರಾದವರು ಹಿಮನದಿಯನ್ನು ಕಂಡೇ ಇರಲಾರರು. ವಿಶ್ವವಿದ್ಯಾನಿಲಯಗಳಲ್ಲಿ ಈ ಎರಡು ವಿದ್ಯೆಗಳು ಬೇರೆ ಬೇರೆ ಕಟ್ಟಡಗಳಲ್ಲಿ ವಾಸಿಸುತ್ತವೆ. ನಡುವೆ ಸಿಕ್ಕಿದ ಕಿರಿಯ ಸಂಶೋಧಕರು ತಮಗೆ ತಿಳಿದಷ್ಟು ಪ್ರೋಗ್ರಾಮನ್ನು ತಾವೇ ಕಲಿತು, ಯಾರೂ ನೋಡದೆ ತಾವೇ ಬರೆದು, ಬಂದ ಉತ್ತರವನ್ನು ತಾವೇ ನಂಬುವ ಸ್ಥಿತಿ ಒದಗುತ್ತದೆ.

ಹೀಗೆ ನಂಬುವುದು ಎಷ್ಟು ಅಪಾಯಕರವೆಂಬುದಕ್ಕೆ ಒಂದು ಘಟನೆಯನ್ನು ನೆನೆಯಬಹುದು. ಅಮೆರಿಕದ ಒಂದು ಪ್ರಯೋಗಾಲಯದವರು ಜೀವಕೋಶದ ಪ್ರೋಟೀನುಗಳ ರಚನೆಯನ್ನು ಕುರಿತು ‘ಸೈನ್ಸ್’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದ್ದರು. 2006ರಲ್ಲಿ ಅವುಗಳಲ್ಲಿ ಮೂರನ್ನು ಅವರೇ ಹಿಂತೆಗೆದುಕೊಳ್ಳಬೇಕಾಯಿತು. ಕಾರಣವೇನು? ಅವರು ಬಳಸುತ್ತಿದ್ದ ಚಿಕ್ಕ ಪ್ರೋಗ್ರಾಮೊಂದು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡುತ್ತಿತ್ತು! ಪ್ರಯೋಗದಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ, ಉದ್ದೇಶದಲ್ಲಿ ಮೋಸವಿರಲಿಲ್ಲ. ಆದರೂ ಅನೇಕ ವರ್ಷಗಳ ಶ್ರಮ ವ್ಯರ್ಥವಾಯಿತು. ನಾಲ್ಕು ಜನ ಆ ಪ್ರೋಗ್ರಾಮನ್ನು ಮೊದಲೇ ತೆರೆದು ನೋಡಿದ್ದರೆ ತಪ್ಪು ಬೇಗ ಸಿಕ್ಕುವ ಸಂಭವವಿತ್ತು.

ಇಂತಹ ಕೊರತೆಗೆ ಪರಿಹಾರವಾಗಿ ಬಂದುದೇ ಸಂಶೋಧಕರ ‘ಹ್ಯಾಕಥಾನ್’. ‘ಹ್ಯಾಕ್’ ಎಂಬುದು ಇತರರ ಗಣಕಯಂತ್ರಕ್ಕೆ ಕನ್ನ ಹಾಕುವುದು ಎಂದೇ ಹಲವರ ತಿಳುವಳಿಕೆ. ಆದರೆ ಗಣಕ ತಜ್ಞರಲ್ಲಿ ಆ ಪದಕ್ಕೆ ಜಾಣತನದಿಂದ ಉಪಾಯ ಹೂಡಿ ಕೆಲಸ ಸಾಧಿಸುವುದು ಎಂಬ ಅರ್ಥವೂ ಇದೆ. ಅದರೊಡನೆ ದೂರದ ಓಟವಾದ ‘ಮ್ಯಾರಥಾನ್’ ಸೇರಿ ಹ್ಯಾಕಥಾನ್ ಆಯಿತು. 1999ರ ಜೂನ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ‘ಓಪನ್ ಬಿಎಸ್‌ಡಿ’ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟುತ್ತಿದ್ದವರು ನಡೆಸಿದ ಕೂಟಕ್ಕೆ ಈ ಹೆಸರು ಬಂದಿತು. ಮುಂದೆ ವ್ಯಾಪಾರ ಸಂಸ್ಥೆಗಳು ಅದನ್ನು ಸ್ಪರ್ಧೆಯಾಗಿಸಿ ಗೆದ್ದವರಿಗೆ ಬಹುಮಾನ ಕೊಡತೊಡಗಿದವು. ಸಂಶೋಧಕರು ಆ ಹೆಸರನ್ನು ಉಳಿಸಿಕೊಂಡು ಸ್ಪರ್ಧೆಯನ್ನು ಬಿಟ್ಟರು. 2014ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಖಗೋಳ ವಿಜ್ಞಾನಿಗಳ ‘ಹ್ಯಾಕ್ ವಾರ’ ನಡೆಯಿತು. 2016ರಲ್ಲಿ ನರವಿಜ್ಞಾನಿಗಳೂ ಭೂವಿಜ್ಞಾನಿಗಳೂ ಅದೇ ದಾರಿ ಹಿಡಿದರು.

ಐಸ್‌ಸ್ಯಾಟ್-2ರ ದತ್ತಾಂಶಗಳು 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯತೊಡಗಿದವು. ಅದೇ ವರ್ಷದ ಜೂನ್ ತಿಂಗಳಲ್ಲಿ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅವುಗಳಿಗಾಗಿಯೇ ಒಂದು ಹ್ಯಾಕ್ ವಾರ ಏರ್ಪಟ್ಟಿತು. ಇಂತಹ ಕೂಟಗಳ ದಿನಚರಿ ಸರಳವಾದುದು. ಬೆಳಗಿನ ಹೊತ್ತು ಪಾಠ. ಉಪಗ್ರಹದ ಉಪಕರಣವನ್ನು ಬಲ್ಲವರು ಅದರ ಗುಣದೋಷಗಳನ್ನು ವಿವರಿಸುತ್ತಾರೆ. ಪ್ರೋಗ್ರಾಮನ್ನು ಬಲ್ಲವರು ದತ್ತಾಂಶವನ್ನು ತೆರೆದು ಚಿತ್ರಿಸುವ ಬಗೆಯನ್ನು ತೋರುತ್ತಾರೆ. ಕೇಳುವವರು ಕೈಕಟ್ಟಿ ಕೂರುವಂತಿಲ್ಲ. ಅಲ್ಲಿಯೇ ತಮ್ಮ ಗಣಕಯಂತ್ರದಲ್ಲಿ ಮಾಡಿ ನೋಡಬೇಕು. ಮಧ್ಯಾಹ್ನದ ಮೇಲೆ ಚಿಕ್ಕ ಚಿಕ್ಕ ತಂಡಗಳಾಗಿ ಒಂದೊಂದು ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಾರೆ. ವಾರದ ಕೊನೆಗೆ ಪ್ರತಿ ತಂಡವೂ ತಾನು ಮಾಡಿದುದನ್ನು ಎಲ್ಲರ ಮುಂದೆ ಇಡುತ್ತದೆ. ಕೆಲಸ ಅಪೂರ್ಣವಾಗಿದ್ದರೂ ನಾಚಿಕೆಯಿಲ್ಲ. ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದೂ ಇತರರಿಗೆ ಪಾಠವೇ.

ಈ ಕೂಟಗಳ ಜೀವಾಳವಾದ ಗುಣವೊಂದಿದೆ. ಅದು ‘ನನಗೆ ತಿಳಿಯದು’ ಎಂದು ಹೇಳುವ ಧೈರ್ಯ. ಹಿರಿಯ ಪ್ರಾಧ್ಯಾಪಕರು ಪ್ರೋಗ್ರಾಮಿನ ಒಂದು ಸಾಲಿನ ಅರ್ಥವನ್ನು ತಮ್ಮ ಶಿಷ್ಯರ ವಯಸ್ಸಿನವರಿಂದ ಕೇಳಿ ತಿಳಿಯಬಹುದು. ಮರುಗಳಿಗೆಯಲ್ಲಿ ಆ ಕಿರಿಯರೇ ಹಿಮದ ವಿಷಯದಲ್ಲಿ ಪ್ರಾಧ್ಯಾಪಕರ ಮುಂದೆ ವಿದ್ಯಾರ್ಥಿಗಳಾಗಬಹುದು. ಗುರುವೂ ಶಿಷ್ಯನೂ ದಿನಕ್ಕೆ ಹತ್ತು ಸಲ ಸ್ಥಾನ ಬದಲಿಸುವ ಶಾಲೆ ಇದು. ಆದಕಾರಣವೇ ಕೆಲವು ಹ್ಯಾಕ್ ವಾರಗಳ ಸಂಘಟಕರು ಅರ್ಜಿ ಹಾಕಿದವರಲ್ಲಿ ಹೆಚ್ಚು ಬಲ್ಲವರನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಹಿರಿಯರು ಕಿರಿಯರು, ಪಳಗಿದವರು ಹೊಸಬರು, ಬೇರೆ ಬೇರೆ ಶಾಖೆಗಳವರು ಹದವಾಗಿ ಬೆರೆಯುವಂತೆ ನೋಡಿಕೊಳ್ಳುತ್ತಾರೆ.

ಫಲವೇನಾದರೂ ದೊರೆಯಿತೆ? 2019ರ ಕೂಟಕ್ಕಾಗಿ ಬರೆದ ಪ್ರೋಗ್ರಾಮುಗಳಿಂದ ‘ಐಸ್‌ಪಿಕ್ಸ್’ ಎಂಬ ಸಾಧನವು ಬೆಳೆಯಿತು. ಪೈಥಾನ್ ಎಂಬ ಗಣಕ ಭಾಷೆಯಲ್ಲಿರುವ ಈ ಸಾಧನದ ನೆರವಿನಿಂದ, ತನಗೆ ಬೇಕಾದ ಸ್ಥಳದ, ಬೇಕಾದ ಕಾಲದ ದತ್ತಾಂಶವನ್ನು ಯಾರು ಬೇಕಾದರೂ ಹುಡುಕಿ ಪಡೆಯಬಹುದು. ಅದನ್ನು ಎಲ್ಲರೂ ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಬಹುದು. ಒಬ್ಬರು ಪಟ್ಟ ಪಾಡನ್ನು ಇನ್ನೊಬ್ಬರು ಮೊದಲಿನಿಂದ ಪಡಬೇಕಾಗಿಲ್ಲ.

ಆದರೆ ಈ ಪದ್ಧತಿಯಲ್ಲಿ ಕೊರತೆಗಳೇ ಇಲ್ಲವೆಂದು ಭಾವಿಸಬಾರದು. ಒಂದು ವಾರದಲ್ಲಿ ಯಾರೂ ಪಂಡಿತರಾಗಲಾರರು. ವಾರದ ಉತ್ಸಾಹ ಆರಿದ ಮೇಲೆ ಅರ್ಧಕ್ಕೆ ನಿಲ್ಲುವ ಕೆಲಸಗಳೂ ಉಂಟು. ದೂರದೇಶಕ್ಕೆ ಪ್ರಯಾಣ ಮಾಡಲು ಹಣವಿಲ್ಲದವರು, ಮನೆಯಲ್ಲಿ ಎಳೆಯ ಮಕ್ಕಳನ್ನು ಬಿಟ್ಟು ಹೊರಡಲಾಗದವರು ಹೊರಗೇ ಉಳಿಯುತ್ತಾರೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಐಸ್‌ಸ್ಯಾಟ್-2 ಕೂಟವು ಅಂತರಜಾಲದ ಮೂಲಕ ನಡೆಯಿತು. ಆ ಸಂಕಟವೇ ದೂರದಲ್ಲಿರುವವರಿಗೂ ಬಾಗಿಲು ತೆರೆಯಬಹುದೆಂಬುದನ್ನು ತೋರಿಸಿಕೊಟ್ಟಿತು.

ಇಷ್ಟೆಲ್ಲ ಪ್ರಯಾಸ ಏತಕ್ಕೆಂದು ಕೇಳಬಹುದು. ಗ್ರೀನ್‌ಲ್ಯಾಂಡಿನ ಹಿಮವೆಲ್ಲವೂ ಕರಗಿದರೆ ಜಗತ್ತಿನ ಸಮುದ್ರಮಟ್ಟವು ಸುಮಾರು 7 ಮೀಟರ್ ಏರುತ್ತದೆ. ಇದು ನಾಳೆಯೇ ಆಗುವುದಲ್ಲ. ಆದರೆ ಕರಗುವಿಕೆ ಆರಂಭವಾಗಿದೆ. ಹಳೆಯ ಐಸ್‌ಸ್ಯಾಟ್ ಉಪಗ್ರಹದ ಅಳತೆಗಳನ್ನು ಹೊಸದರ ಅಳತೆಗಳೊಡನೆ ಹೋಲಿಸಿ ವಿಜ್ಞಾನಿಗಳು 2020ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಅದರಂತೆ 2003ರಿಂದ 2019ರವರೆಗೆ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 20,000 ಕೋಟಿ ಟನ್, ಅಂಟಾರ್ಕ್ಟಿಕ 11,800 ಕೋಟಿ ಟನ್ ಹಿಮವನ್ನು ಕಳೆದುಕೊಂಡಿವೆ. ಇದರಿಂದ ಸಮುದ್ರಮಟ್ಟವು 14 ಮಿಲಿಮೀಟರ್ ಏರಿದೆ. ಕಡಲತೀರದ ಕೋಟ್ಯಂತರ ಜನರ ಮನೆ, ಗದ್ದೆ, ಕುಡಿಯುವ ನೀರು ಇಂತಹ ಅಂಕಿಗಳಿಗೆ ಕಟ್ಟುಬಿದ್ದಿವೆ. ಅವು ತಪ್ಪಾಗಬಾರದು; ತಡವಾಗಲೂಬಾರದು.

‘ಹತ್ತು ಜನರ ಕಡ್ಡಿ ಒಬ್ಬನ ಹೊರೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ವಿದ್ಯೆಯ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಕಡ್ಡಿಯನ್ನು ಕೊಟ್ಟವನ ಕೈ ಬರಿದಾಗುತ್ತದೆ. ವಿದ್ಯೆಯನ್ನು ಕೊಟ್ಟವನ ಕೈ ತುಂಬುತ್ತದೆ. ತಿಳಿದುದನ್ನು ಬಚ್ಚಿಡದೆ, ತಿಳಿಯದುದನ್ನು ಮುಚ್ಚಿಡದೆ ಕೂಡಿ ಕಲಿಯುವವರೇ ನಾಳಿನ ವಿಜ್ಞಾನವನ್ನು ಕಟ್ಟಬಲ್ಲರು.

ಅಭ್ಯಾಸ

1. ಐಸ್‌ಸ್ಯಾಟ್-2 ಉಪಗ್ರಹವು ಹಿಮದ ಎತ್ತರವನ್ನು ಹೇಗೆ ಅಳೆಯುತ್ತದೆ?
2. 2006ರ ಘಟನೆಯಿಂದ ಸಂಶೋಧಕರು ಕಲಿಯಬೇಕಾದ ಪಾಠವೇನು?
3. ‘ಗುರುವೂ ಶಿಷ್ಯನೂ ದಿನಕ್ಕೆ ಹತ್ತು ಸಲ ಸ್ಥಾನ ಬದಲಿಸುವ ಶಾಲೆ’ — ಈ ಮಾತನ್ನು ವಿವರಿಸಿ.
4. ಹ್ಯಾಕ್ ವಾರದ ಗುಣಗಳನ್ನೂ ಕೊರತೆಗಳನ್ನೂ ನಿಮ್ಮ ಮಾತಿನಲ್ಲಿ ಬರೆಯಿರಿ.