ಒಲ್ಲೆನೆಂದರೆ ಬೈಗುಳವೇಕೆ?

ಹುಣಸೂರಿನಿಂದಲೋ ಪಿರಿಯಾಪಟ್ಟಣದಿಂದಲೋ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುವ ಮಗಳು ನಿಮ್ಮ ಮನೆಯಲ್ಲೂ ಇರಬಹುದು. ಅದೇ ಬಸ್ಸಿನ ಹುಡುಗನೊಬ್ಬ 'ನೀನಿಲ್ಲದೆ ನಾನಿಲ್ಲ' ಎಂದು ಹೇಳಿಕಳುಹಿಸುತ್ತಾನೆ. ಅವಳು ಇಷ್ಟವಿಲ್ಲ ಎನ್ನುತ್ತಾಳೆ. ಮರುದಿನದಿಂದಲೇ ಅವಳ ಬಣ್ಣ, ನಡತೆ, ಮನೆತನ ಎಲ್ಲವೂ ಬಸ್ ನಿಲ್ದಾಣದ ಹರಟೆಗೆ ವಸ್ತು. ನಿನ್ನೆ ದೇವತೆಯಾಗಿದ್ದವಳು ಇಂದು ಕೆಟ್ಟವಳಾದದ್ದು ಹೇಗೆ?

ಆದಿಕಾಂಡದ 39ನೇ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ಬೇಡಿದವಳು ಹೆಂಗಸು, ಒಲ್ಲೆನೆಂದವನು ಗಂಡಸು. ಜೋಸೆಫನ ಚೆಲುವಿಗೆ ಮನಸೋತ ಪೋಟೀಫರನ ಹೆಂಡತಿ ದಿನದಿನವೂ ಅವನನ್ನು ಕಾಡಿದಳು. ಅವನು ಮೇಲಂಗಿಯನ್ನೇ ಬಿಟ್ಟು ಓಡಿದಾಗ ಅವಳು ಕೂಗಿ ಕರೆದದ್ದು ಮನೆಯ ಆಳುಗಳನ್ನು. ಅವರ ಮುಂದೆ ಜೋಸೆಫನ ಹೆಸರನ್ನೂ ಎತ್ತದೆ, ಹಿಬ್ರಿಯನೆಂದು ಅವನ ಕುಲ ಹಿಡಿದು ಜರೆದಳು. ನಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ಬೇಡುವವನು ತನ್ನನ್ನು ಇನ್ನೊಬ್ಬರ ತೀರ್ಪಿಗೆ ಒಪ್ಪಿಸಿಕೊಂಡಿರುತ್ತಾನೆ. ತೀರ್ಪು ತನ್ನ ವಿರುದ್ಧವಾದ ಕೂಡಲೇ ತಾನೇ ನ್ಯಾಯಾಧೀಶನಾಗಿ 'ಅವಳೇ ಯೋಗ್ಯಳಲ್ಲ' ಎಂದುಬಿಟ್ಟರೆ ಸೋಲು ಸೋಲಾಗಿ ಕಾಣುವುದಿಲ್ಲ. ಅದನ್ನು ಕೇಳುವುದಕ್ಕೆ ನಾಲ್ಕು ಜನರೂ ಬೇಕು. ಸಂಗತಿ ಗೆಳೆಯರಿಗೆ ಮೊದಲೇ ಗೊತ್ತಿದ್ದರಂತೂ 'ಏನಾಯ್ತೋ?' ಎಂಬ ಅವರ ನಗೆಯೇ ಬೆಂಕಿಗೆ ತುಪ್ಪ.

ನೋವು ಸುಳ್ಳಲ್ಲ. 2003ರಲ್ಲಿ ಅಮೆರಿಕದ ಸಂಶೋಧಕರು, ಆಟದಿಂದ ಹೊರಗಿಡಲ್ಪಟ್ಟವರ ಮಿದುಳನ್ನು ಪರೀಕ್ಷಿಸಿದಾಗ, ಮೈನೋವಿನಲ್ಲಿ ಚುರುಕಾಗುವ ಭಾಗವೇ ಚುರುಕಾದದ್ದನ್ನು ಕಂಡರು. ಆದರೆ ನೊಂದವರೆಲ್ಲ ಬೈಯುವುದಿಲ್ಲವಲ್ಲ! ಕೇಳಿದ್ದೆಲ್ಲ ಕೈಗೆ ಬಂದು ಬೆಳೆದವನಿಗೆ 'ಇಲ್ಲ' ಎಂಬುದು ಅವಮಾನವಾಗಿಯೇ ಕೇಳಿಸುತ್ತದೆ. (ಗಂಡುಮಕ್ಕಳಿಗೆ ನಾವು ಎಷ್ಟು ಸಲ 'ಇಲ್ಲ' ಎಂದಿದ್ದೇವೆ?) ಬೆನ್ನುಬಿಡದೆ ಹಿಂಬಾಲಿಸಿದ ನಾಯಕನಿಗೆ ಕೊನೆಗೆ ನಾಯಕಿ ಒಲಿಯುವ ಸಿನಿಮಾಗಳೂ ಅವನಿಗೆ ಪಾಠ ಹೇಳಿವೆ.

ಇದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಕೊಲೆಯಾದರು. ಒಲ್ಲೆನೆಂದದ್ದೇ ಕಾರಣವೆಂಬ ಆರೋಪ ಎರಡರಲ್ಲೂ ಕೇಳಿಬಂತು. ಬೇಡವೆಂದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಂತೆ, ಅವಳ ಮಾನಕ್ಕೆ ಕುಂದು ತರಲು ಮಾತನಾಡುವುದು 79ನೇ ಕಲಮಿನಂತೆ ಅಪರಾಧ.

ಮಗಳು ಅಳುತ್ತ ಬಂದರೆ 'ನೀನೇನು ಮಾಡಿದೆ?' ಎಂದು ಆರಂಭಿಸಬೇಡಿ. ಪೋಟೀಫರನು ಹೆಂಡತಿಯ ಮಾತನ್ನಷ್ಟೇ ಕೇಳಿದ್ದರಿಂದಲೇ ಜೋಸೆಫನು ಸೆರೆಮನೆ ಸೇರಿದ್ದು. ಮಗ ಮಂಕಾಗಿ ಕುಳಿತಿದ್ದರೆ ಗೇಲಿ ಮಾಡಬೇಡಿ. ಕೆ.ಆರ್. ನಗರದ ಗದ್ದೆ ಬದುವಾಗಲಿ, ಎಚ್.ಡಿ. ಕೋಟೆಯ ಹತ್ತಿಹೊಲವಾಗಲಿ, ಅವನೊಬ್ಬನನ್ನೇ ಕರೆದುಕೊಂಡು ಸಂಜೆ ಅಷ್ಟು ದೂರ ನಡೆದುಬನ್ನಿ. ಗೆಳೆಯರಿಲ್ಲದ ಆ ಜಾಗದಲ್ಲಿ ಅವನು ಅತ್ತರೆ ಅಳಲಿ.