ಮಗಳು ಓಲೋನಿಗೆ ಹೋಗುತ್ತೇನೆ ಅಂತಾಳೆ

ಪ್ರಶ್ನೆ: ಮೇಡಂ, ನಾವು ಹಾಸನದ ಕಡೆಯವರು. ಹದಿನಾಲ್ಕು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಮ್ಮನೆಯವರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾನು ಬಿ.ಎಸ್‌ಸಿ. ಮಾಡಿದ್ದೆ, ಮದುವೆಯಾದ ಮೇಲೆ ಕೆಲಸಕ್ಕೆ ಹೋಗಲಿಲ್ಲ. ದೊಡ್ಡ ಮಗಳು ಈಗ ಹೈಸ್ಕೂಲ್ ಮುಗಿಸುತ್ತಿದ್ದಾಳೆ. ಓದಿನಲ್ಲಿ ಚುರುಕೇ. ಆದರೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಬರ್ಕಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ, ಡೇವಿಸ್ ಯಾವುದೂ ಆಗಲಿಲ್ಲ. ಬೇರೆ ರಾಜ್ಯದ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಸಾಲ ಮಾಡಿಯಾದರೂ ಕಳಿಸೋಣ ಅಂತಾರೆ ನಮ್ಮನೆಯವರು. ಮಗಳು ಮಾತ್ರ, 'ಬೇಡ, ಇಲ್ಲೇ ಓಲೋನಿ ಕಾಲೇಜಿನಲ್ಲಿ ಎರಡು ವರ್ಷ ಬಯಾಲಜಿ ಓದಿ ಆಮೇಲೆ ಯುಸಿಗೆ ಟ್ರಾನ್ಸ್‌ಫರ್ ಆಗುತ್ತೇನೆ' ಎಂದು ಹಟ ಹಿಡಿದಿದ್ದಾಳೆ. ಅದು ಕಮ್ಯುನಿಟಿ ಕಾಲೇಜು. ಅರ್ಜಿ ಹಾಕಿದವರಿಗೆಲ್ಲ ಸೀಟು. ಅಂಥ ಕಡೆ ಓದಿದ್ದಕ್ಕೆ ಏನು ಬೆಲೆ? ಊರಿಗೆ ಫೋನ್ ಮಾಡಿದಾಗ ಅತ್ತೆಗೆ ಇನ್ನೂ ಹೇಳಿಲ್ಲ. ಕನ್ನಡ ಕೂಟದಲ್ಲಿ ಈಗ ಎಲ್ಲರ ಬಾಯಲ್ಲೂ ಮಕ್ಕಳ ಸೀಟಿನದೇ ಮಾತು. ಮಗಳು ಎಲ್ಲಿ ಸೇರಿದಳು ಎಂದು ಕೇಳಿದರೆ ಏನು ಹೇಳಲಿ? ರಾತ್ರಿ ನಿದ್ದೆ ಬರುತ್ತಿಲ್ಲ.
ಒಬ್ಬ ತಾಯಿ, ಫ್ರೀಮಾಂಟ್

ಉತ್ತರ: ನಿಮ್ಮ ಪತ್ರದಲ್ಲಿ ನಾನು ತಡೆದು ನಿಂತದ್ದು ಒಂದು ಸಾಲಿನ ಹತ್ತಿರ: 'ಅರ್ಜಿ ಹಾಕಿದವರಿಗೆಲ್ಲ ಸೀಟು.' ನೀವು ಅದನ್ನು ಆ ಕಾಲೇಜಿನ ಕುಂದೆಂದು ಬರೆದಿದ್ದೀರಿ. ಸಿಇಟಿ ರ‍್ಯಾಂಕು, ಕಟಾಫು, ಮೆರಿಟ್ ಸೀಟು, ಪೇಮೆಂಟ್ ಸೀಟು ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನಮಗೆ, ಹತ್ತು ಜನರನ್ನು ಹಿಂದೆ ಹಾಕಿ ಗಿಟ್ಟಿಸಿದ್ದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಓಲೋನಿಯಂಥ ಕಾಲೇಜುಗಳನ್ನು ಸರ್ಕಾರ ಕಟ್ಟಿಸಿದ್ದೇ ಆ ಬಾಗಿಲು ಎಲ್ಲರಿಗೂ ತೆರೆದಿರಲಿ ಎಂದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮಗಳ ಯೋಜನೆ ನಿಂತಿರುವುದೇ ಅದರ ಮೇಲೆ.

1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಸರ್ಕಾರಿ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು ತಂಡತಂಡವಾಗಿ ಹೈಸ್ಕೂಲು ಮುಗಿಸಲಿದ್ದ ಕಾಲ ಅದು. ಇಷ್ಟು ಮಂದಿಯನ್ನು ಎಲ್ಲಿ ಕೂರಿಸುವುದು ಎಂಬುದೇ ದೊಡ್ಡ ಪ್ರಶ್ನೆ. ಆಗ ಯುಸಿಯ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಈ ಪ್ಲಾನಿನ ಹಿಂದಿದ್ದವರಲ್ಲಿ ಮುಖ್ಯರು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಅಂದರೆ ಈಗಿನ ಕ್ಯಾಲ್ ಸ್ಟೇಟ್. ಆಗ ಜೂನಿಯರ್ ಕಾಲೇಜು ಎನ್ನುತ್ತಿದ್ದ ಕಮ್ಯುನಿಟಿ ಕಾಲೇಜುಗಳು ಕಲಿಯಲು ಬಂದ ಯಾರನ್ನೂ ತಿರುಗಿಸಿ ಕಳಿಸುವ ಹಾಗಿಲ್ಲ. ಜನ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಇಷ್ಟೇ ಆಗಿದ್ದರೆ ಅದು ಮಕ್ಕಳನ್ನು ಜರಡಿ ಹಿಡಿಯುವ ಕೆಲಸವಾಗುತ್ತಿತ್ತು, ನಿಮ್ಮ ಸಂಕಟಕ್ಕೂ ಕಾರಣವಿರುತ್ತಿತ್ತು.

ಪ್ಲಾನಿನ ಉಳಿದರ್ಧ ಹೀಗಿತ್ತು. ನಾಲ್ಕು ವರ್ಷದ ಸರ್ಕಾರಿ ಕ್ಯಾಂಪಸ್‌ಗಳಲ್ಲಿ ಮೊದಲೆರಡು ವರ್ಷದ ವಿದ್ಯಾರ್ಥಿಗಳು ನೂರಕ್ಕೆ 40, ಮೂರು ಮತ್ತು ನಾಲ್ಕನೇ ವರ್ಷದವರು 60 ಇರಬೇಕು. ಆ ಹೆಚ್ಚಿನ ಜಾಗ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿ ಬರುವವರಿಗೆ. ಅಂದರೆ ಯೂನಿವರ್ಸಿಟಿಯ ಮೊದಲರ್ಧವನ್ನೇ ಊರೂರಿಗೆ ತಂದು ಇಟ್ಟ ಹಾಗೆ. ಇವತ್ತಿಗೂ ಯುಸಿಯ ಗುರಿ, ಹೈಸ್ಕೂಲಿನಿಂದ ನೇರ ಬರುವ ಪ್ರತಿ ಇಬ್ಬರಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು. ಹಾಗೆ ಸೇರುವವರಲ್ಲಿ ಬಹುಪಾಲು ಮಂದಿ ಓಲೋನಿಯಂಥ ಕಾಲೇಜುಗಳಿಂದಲೇ ಬರುತ್ತಾರೆ. ಕ್ಯಾಲ್ ಸ್ಟೇಟ್‌ನಲ್ಲಿ ಪದವಿ ಪಡೆಯುವವರಲ್ಲಿ ಸುಮಾರು ಅರ್ಧ ಜನ ಹೀಗೆ ಬಂದವರು. ನಿಮ್ಮ ಮಗಳು ಹಿಂಬಾಗಿಲು ಹುಡುಕುತ್ತಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಡಿಪ್ಲೊಮಾ ನೆನಪಿಸಿಕೊಳ್ಳಿ. ನನ್ನ ತಮ್ಮ ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿದ. ಪಿಯುಸಿಗೆ ಕಳಿಸಲಿಲ್ಲವೇ ಎಂದು ನೆಂಟರೆಲ್ಲ ಅಮ್ಮನ ಮುಂದೆ ಮರುಗಿದರು. ಒಬ್ಬರಂತೂ ಮನೆಗೆ ಬಂದು ಸಮಾಧಾನ ಹೇಳಿ ಹೋದರು. ಮೂರು ವರ್ಷ ಮೆಷಿನ್ ಮುಂದೆ ನಿಂತು ಕಲಿತವನು ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೇ ಸೇರಿದ. ಪಿಯುಸಿಯಿಂದ ಬಂದ ಜೊತೆಯವರು ವರ್ಕ್‌ಶಾಪಿನಲ್ಲಿ ಅವನನ್ನು ಕೇಳಿ ಕೇಳಿ ಕೆಲಸ ಮಾಡುತ್ತಿದ್ದರು. ಕೊನೆಗೆ ಸಿಕ್ಕ ಡಿಗ್ರಿ ಎಲ್ಲರಿಗೂ ಒಂದೇ. ಯುಸಿಯಲ್ಲೂ ಹಾಗೇ. ಎರಡು ವರ್ಷ ಎಲ್ಲಿದ್ದಳೋ, ಪದವಿ ಕೊಡುವುದು ಯುಸಿ.

ಹಣದ ವಿಷಯ ಬೇಗ ಮುಗಿಯುತ್ತದೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ 46 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾಗುವ 60 ಯೂನಿಟ್‌ಗೆ 2,760 ಡಾಲರ್. ಪುಸ್ತಕ, ಸಣ್ಣಪುಟ್ಟ ಫೀಸು ಬೇರೆ. ಮೊದಲ ಸಲ ಕಾಲೇಜು ಸೇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಈ ಶುಲ್ಕವನ್ನೂ ಬಿಡಲು 2017ರಲ್ಲಿ ಕಾನೂನು ಬಂತು, 2019ರಲ್ಲಿ ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಅದು ಸಿಗುತ್ತದೆಯೇ ಎಂದು ಓಲೋನಿಯ ಹಣಕಾಸು ನೆರವಿನ ಕಚೇರಿಯಲ್ಲಿ ಕೇಳಿ. ಈ ರಾಜ್ಯದಲ್ಲಿ 1984ರವರೆಗೆ ಈ ಕಾಲೇಜುಗಳಿಗೆ ಶುಲ್ಕವೇ ಇರಲಿಲ್ಲ. ನಿಮ್ಮ ಯಜಮಾನರು ಸಾಲ ಮಾಡಲು ಹೊರಟಿರುವುದು ಮಗಳ ಮೇಲಿನ ಪ್ರೀತಿಯಿಂದ, ಅದು ನನಗೆ ಗೊತ್ತಾಗುತ್ತದೆ. ಆದರೆ ಮೊದಲ ವರ್ಷದ ಕೆಮಿಸ್ಟ್ರಿ ಎರಡು ಕಡೆಯೂ ಅದೇ ಕೆಮಿಸ್ಟ್ರಿ. ಅದಕ್ಕೆ ಲಕ್ಷ ಡಾಲರ್ ಸಾಲ ಹೊರುವ ಅಗತ್ಯ ನನಗೆ ಕಾಣುವುದಿಲ್ಲ. ಸಾಲ ಬೇಡ ಅಂದದ್ದು ನಿಮ್ಮ ಮಗಳೇ ಎಂಬುದನ್ನೂ ಅವರಿಗೆ ನೆನಪಿಸಿ. ಹದಿನೆಂಟರ ಹುಡುಗಿ ಮನೆಯ ಲೆಕ್ಕ ನೋಡಿ ಮಾತಾಡಿದ್ದಾಳೆ.

ಇನ್ನು ನಿಮ್ಮನ್ನು ನಿಜವಾಗಿ ಎಚ್ಚರಿಸಬೇಕಾದ ವಿಷಯಕ್ಕೆ ಬರುತ್ತೇನೆ. ನೀವು ಹೆದರಿರುವುದು ಹೆಸರಿಗೆ. ಅಪಾಯ ಇರುವುದು ಹೆಸರಿನಲ್ಲಲ್ಲ, ದಾರಿಯ ಮಧ್ಯೆ ನಿಂತುಬಿಡುವುದರಲ್ಲಿ. ಅಮೆರಿಕದಾದ್ಯಂತ ಕಮ್ಯುನಿಟಿ ಕಾಲೇಜು ಸೇರುವ ನೂರರಲ್ಲಿ ಸುಮಾರು 80 ಮಂದಿ ಮುಂದೆ ನಾಲ್ಕು ವರ್ಷದ ಪದವಿ ಪಡೆಯಬೇಕೆಂದೇ ಬರುತ್ತಾರೆ. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ಹೆಚ್ಚುಕಡಿಮೆ 16 ಮಂದಿಗೆ. ಇದು ಹೊಸ ದೂರಲ್ಲ. ನಿಮ್ಮ ಪಕ್ಕದ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನೇ ಅಭ್ಯಾಸ ಮಾಡಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು 1960ರಲ್ಲಿ, ಅಂದರೆ ಮಾಸ್ಟರ್ ಪ್ಲಾನ್ ಬಂದ ವರ್ಷವೇ, ಒಂದು ಪುಸ್ತಕ ತಂದರು. ದೊಡ್ಡ ಆಸೆ ಹೊತ್ತು ಬಂದ ಮಕ್ಕಳನ್ನು ಕಾಲೇಜು ಬಯ್ಯುವುದಿಲ್ಲ, ಹೊರಗೆ ಹಾಕುವುದೂ ಇಲ್ಲ. ಒಂದು ಪರೀಕ್ಷೆ, ಒಂದು ಸಲಹೆ, ಒಂದು ಬದಲಿ ಕೋರ್ಸು ಎಂದು ನಿಧಾನವಾಗಿ ಅವರ ಆಸೆಯ ಕಾವು ಇಳಿಸುತ್ತದೆ ಎಂದು ಅವರು ಕಂಡುಕೊಂಡರು. ಓದಿದಾಗ ನನಗೆ ಬೇಸರವಾಯಿತು, ನಿಜವೂ ಅನ್ನಿಸಿತು. ಬಾಗಿಲು ತೆರೆದಿಡುವುದು ಒಂದು ಕೆಲಸ. ಒಳಗೆ ಬಂದವರನ್ನು ಇನ್ನೊಂದು ಬಾಗಿಲಿನ ತನಕ ಕೈಹಿಡಿದು ಕರೆದುಕೊಂಡು ಹೋಗುವುದು ಬೇರೆಯದೇ ಕೆಲಸ, ಅದಕ್ಕೆ ಹಣವೂ ಜನವೂ ಬೇಕು. ಈ ಕಾಲೇಜುಗಳಲ್ಲಿ ಕೌನ್ಸೆಲರ್‌ಗಳು ಕಡಿಮೆ. ಪಾಠ ಮಾಡುವವರಲ್ಲಿ ಬಹಳ ಮಂದಿ ಅರೆಕಾಲಿಕರು, ಇವತ್ತು ಇಲ್ಲಿ ಪಾಠ ಮಾಡಿ ನಾಳೆ ಇನ್ನೊಂದು ಊರಿನ ಕಾಲೇಜಿಗೆ ಓಡುವವರು. ಕಲಿಯುವವರಲ್ಲಿ ಅನೇಕರು ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿಯುತ್ತ ಓದುತ್ತಾರೆ. ಬಾಡಿಗೆ ಏರಿದ ತಿಂಗಳು ಒಂದು ಕೋರ್ಸು ಬಿಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಬಹಳ ಕಾಲ ಇನ್ನೊಂದು ಕಂಟಕವಿತ್ತು. ಸೇರುವಾಗಿನ ಒಂದು ಪರೀಕ್ಷೆಯಲ್ಲಿ ಎಡವಿದವರನ್ನು ಯೂನಿವರ್ಸಿಟಿ ಲೆಕ್ಕಕ್ಕೆ ತೆಗೆದುಕೊಳ್ಳದ ಬುನಾದಿ ಗಣಿತಕ್ಕೆ ದೂಡುತ್ತಿದ್ದರು. 2017ರಲ್ಲೇ ಬಂದ ಇನ್ನೊಂದು ಕಾನೂನು ಅದಕ್ಕೆ ತಡೆ ಹಾಕಿತು. ಈಗ ಹೈಸ್ಕೂಲಿನ ಅಂಕಗಳನ್ನು ನೋಡಿಯೇ ಗಣಿತಕ್ಕೆ ಸೇರಿಸುತ್ತಾರೆ.

ಹಾಗಾಗಿ ಮಗಳ ಜೊತೆ ಕೂತು ಮಾತಾಡುವಾಗ 'ಯಾಕೆ ಅಲ್ಲಿಗೆ ಹೋಗುತ್ತೀ' ಎಂದು ಕೇಳಬೇಡಿ. 'ಎರಡು ವರ್ಷದ ಪಟ್ಟಿ ಎಲ್ಲಿ, ತೋರಿಸು' ಎಂದು ಕೇಳಿ. ಬಯಾಲಜಿಗೆ ಇದು ಬಹಳ ಮುಖ್ಯ, ಏಕೆಂದರೆ ಅದರ ಪಾಠಗಳು ಸರಪಳಿಯ ಹಾಗೆ. ಜನರಲ್ ಕೆಮಿಸ್ಟ್ರಿ ಒಂದು ವರ್ಷ ಆಗದೆ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಕೂರಿಸುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಜಾಗ ಸಿಗದೆ 'ಆಮೇಲೆ ನೋಡಿಕೊಳ್ಳೋಣ' ಎಂದು ಇತಿಹಾಸ, ಕಮ್ಯುನಿಕೇಷನ್ ತೆಗೆದುಕೊಂಡರೆ, ಎರಡು ವರ್ಷದ ಓದು ಮೂರಾಗುತ್ತದೆ. ವಿಜ್ಞಾನದ ಮಕ್ಕಳು ಕೆಮಿಸ್ಟ್ರಿ ಮತ್ತು ಗಣಿತವನ್ನು ಮೊದಲು ಹಿಡಿಯಬೇಕು, ಸಾಮಾನ್ಯ ವಿಷಯಗಳನ್ನು ಅವುಗಳ ಸುತ್ತ ಹೊಂದಿಸಿಕೊಳ್ಳಬೇಕು. ನೋಂದಣಿ ತೆರೆಯುವ ದಿನ, ಗಂಟೆ ಅವಳಿಗೆ ಬಾಯಿಪಾಠವಾಗಿರಲಿ.

ಓಲೋನಿಯ ಯಾವ ಕೋರ್ಸು ಯಾವ ಯುಸಿಯಲ್ಲಿ ಯಾವ ಕೋರ್ಸಿಗೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ರಾಜ್ಯದ ಅಧಿಕೃತ ಜಾಲತಾಣದಲ್ಲಿ ಹಾಕಿರುತ್ತಾರೆ. ಗೆಳತಿ ಹೇಳಿದ್ದು, ಸೀನಿಯರ್ ಹೇಳಿದ್ದು ಸಾಲದು, ಅದನ್ನೇ ನೋಡಬೇಕು. ಇನ್ನು 'ಟ್ಯಾಗ್' ಎಂದು ಕರೆಯುವ ಪ್ರವೇಶದ ಖಾತರಿ ಇದೆ. ಆರು ಯುಸಿ ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್, ಕಮ್ಯುನಿಟಿ ಕಾಲೇಜಿನಲ್ಲಿ ನಿಗದಿ ಕೋರ್ಸು, ನಿಗದಿ ಅಂಕ ಗಳಿಸಿದವರಿಗೆ ಸೀಟಿನ ಮಾತು ಕೊಡುತ್ತವೆ. ಒಬ್ಬರಿಗೆ ಒಂದೇ ಕ್ಯಾಂಪಸ್. ವಿಷಯದಿಂದ ವಿಷಯಕ್ಕೆ ಷರತ್ತು ಬೇರೆ, ಕೆಲವು ವಿಷಯಗಳಿಗೆ ಖಾತರಿ ಇಲ್ಲ. ಟ್ರಾನ್ಸ್‌ಫರ್ ಆಗುವ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಬೇಕು. ಬರ್ಕಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಅಲ್ಲಿಗೂ ಅರ್ಜಿ ಹಾಕಬಹುದು, ಭರವಸೆ ಮಾತ್ರ ಇಲ್ಲ. ಈ ವಸಂತದಲ್ಲಿ ಬೇಡ ಅಂದ ಡೇವಿಸ್ ಆ ಆರರಲ್ಲಿ ಒಂದು ಎಂಬುದನ್ನು ಗಮನಿಸಿ. ನಿಮ್ಮ ಮಗಳು ಈಗಾಗಲೇ ಗಮನಿಸಿರುತ್ತಾಳೆ ಎಂದು ನನ್ನ ಊಹೆ.

ಅವಳು ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಾಸ್ಟೆಲ್ ಜೀವನ ಇಲ್ಲ. ತರಗತಿ ಮುಗಿದ ತಕ್ಷಣ ಎಲ್ಲರೂ ಕಾರ್ ಪಾರ್ಕಿನ ಕಡೆ ಹೊರಡುತ್ತಾರೆ, ಸ್ನೇಹ ಬೆಳೆಯುವುದು ಕಷ್ಟ. ಆಗಸ್ಟಿನಲ್ಲಿ ಜೊತೆಯವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಅವಳು ತನ್ನ ಹಳೆಯ ಕೋಣೆಯಲ್ಲೇ ಇರುತ್ತಾಳೆ. ಆ ವಾರ ಅವಳಿಗೆ ಅಳು ಬರಬಹುದು. ಆಗ ದಯವಿಟ್ಟು 'ನಾನು ಆಗಲೇ ಹೇಳಿದ್ದೆ' ಅನ್ನಬೇಡಿ. ಅವಳು ಮನೆಯಲ್ಲಿದ್ದಾಳೆ ಎಂದು ಚಿಕ್ಕವರನ್ನು ನೋಡಿಕೊಳ್ಳುವುದು, ಅಂಗಡಿಗೆ ಹೋಗಿಬರುವುದು, ಬಂದ ನೆಂಟರಿಗೆ ಕಾಫಿ ಮಾಡುವುದು ಎಲ್ಲ ಅವಳ ತಲೆಗೆ ಬರದಂತೆ ನೋಡಿಕೊಳ್ಳಿ. ಡೇವಿಸ್‌ನಲ್ಲಿದ್ದರೆ ಸಂಜೆ ಆರಕ್ಕೆ ಎಲ್ಲಿದ್ದೀಯ ಎಂದು ಕೇಳುತ್ತಿರಲಿಲ್ಲ ತಾನೇ? ಓಲೋನಿಯ ಲೈಬ್ರರಿಯಲ್ಲಿದ್ದಾಗಲೂ ಕೇಳಬೇಡಿ.

ತರಗತಿಯಲ್ಲಿ ಅವಳ ಪಕ್ಕ ಕೂರುವವರು ಯಾರು ಎಂಬುದು ನಿಮ್ಮ ಮನಸ್ಸಿನ ಮೂಲೆಯಲ್ಲಿರುವ ಪ್ರಶ್ನೆ ಎಂದುಕೊಂಡಿದ್ದೇನೆ. ಹೇಳುತ್ತೇನೆ. ಅಮೆರಿಕದ ಮೊದಲ ಸರ್ಕಾರಿ ಜೂನಿಯರ್ ಕಾಲೇಜು 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದಾಗ ಇದ್ದದ್ದು ಆರು ವಿದ್ಯಾರ್ಥಿಗಳು, ಹೈಸ್ಕೂಲು ಮುಗಿಸಿದ ಮಕ್ಕಳು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ 'ಕಮ್ಯುನಿಟಿ ಕಾಲೇಜು' ಎಂಬ ಹೆಸರನ್ನು ಬಳಕೆಗೆ ತಂದು, ಮೊದಲೆರಡು ವರ್ಷದ ಕಾಲೇಜು ಎಲ್ಲರಿಗೂ ಉಚಿತವಾಗಿರಲಿ ಎಂದಿತು. ಆಮೇಲೆ ಇವು ಊರಿನವರ ಕಾಲೇಜಾದವು. ಇವತ್ತು ಕ್ಯಾಲಿಫೋರ್ನಿಯಾದಲ್ಲೇ 116 ಇವೆ. ಓಲೋನಿ ಎಂಬುದು ಆ ನೆಲದ ಮೂಲನಿವಾಸಿಗಳ ಹೆಸರು. ಕಿವುಡರ ಶಿಕ್ಷಣಕ್ಕೆ ಆ ಕಾಲೇಜು ದೂರದೂರಕ್ಕೆ ಹೆಸರಾಗಿದೆ. ನರ್ಸಿಂಗ್ ಕಲಿಯುವವರು, ಕೆಲಸ ಹೋಗಿ ಹೊಸದನ್ನು ಕಲಿಯಲು ಬಂದ ನಡುವಯಸ್ಸಿನವರು, ಇಂಗ್ಲಿಷ್ ಕಲಿಯಲು ಬಂದ ವಲಸಿಗರು ಅಲ್ಲಿರುತ್ತಾರೆ. ಮಕ್ಕಳು ಶಾಲೆಗೆ ಹೋದಮೇಲೆ ಪುಸ್ತಕ ಹಿಡಿದ ತಾಯಂದಿರೂ ಇರುತ್ತಾರೆ. ಬಯಾಲಜಿ ಓದಬೇಕೆಂದಿರುವ ಹುಡುಗಿಗೆ ಇವರ ಸಹವಾಸ ನಷ್ಟವಲ್ಲ.

ನೀವು ಬಿ.ಎಸ್‌ಸಿ. ಮಾಡಿದ್ದನ್ನು ಪತ್ರದಲ್ಲಿ ಬರೆದಿದ್ದೀರಿ. ಮಗಳ ಪ್ರಶ್ನೆಗೆ ಅದು ಬೇಕಿರಲಿಲ್ಲ, ಆದರೂ ಬಂತು. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮಗಳನ್ನು ಮೊದಲ ಸಲ ಕೌನ್ಸೆಲರ್ ಹತ್ತಿರ ಬಿಡಲು ಹೋದಾಗ, ಅವಳು ಒಳಗಿರುವಷ್ಟು ಹೊತ್ತು, ಆ ಸೆಮಿಸ್ಟರಿನ ಕೋರ್ಸುಗಳ ಪಟ್ಟಿಯನ್ನು ನೀವೂ ಒಂದು ಸಲ ಓದಿ ನೋಡಿ.

ಉಳಿದದ್ದು ಕನ್ನಡ ಕೂಟ. ಅಲ್ಲಿ ಯಾರಾದರೂ ಕೇಳಿದರೆ, 'ಈಗ ಸದ್ಯಕ್ಕೆ' ಎಂದು ಶುರು ಮಾಡಬೇಡಿ. ಯಾವ ಯೂನಿವರ್ಸಿಟಿ ಆಗಲಿಲ್ಲ ಎಂಬ ಕಥೆಯೂ ಬೇಡ, ಎರಡು ವರ್ಷ ಆದಮೇಲೆ ಎಲ್ಲಿಗೆ ಹೋಗುತ್ತಾಳೆ ಎಂಬ ಸಮಜಾಯಿಷಿಯೂ ಬೇಡ. ತಟ್ಟೆ ಹಿಡಿದು ನಿಂತ ಮಗಳಿಗೂ ಕೇಳಿಸುವ ಹಾಗೆ, 'ಓಲೋನಿಯಲ್ಲಿ ಬಯಾಲಜಿ ಓದ್ತಿದಾಳೆ' ಎನ್ನಿ. ಅತ್ತೆಗೂ ಈ ಭಾನುವಾರ ಫೋನ್ ಮಾಡಿದಾಗ ಅದನ್ನೇ ಹೇಳಿ.