ಅಪರೂಪದ ವಸ್ತುವಿನ ಬೇಟೆ: ಒಂಟಿಯಾಗಿಯೋ, ತಂಡವಾಗಿಯೋ?

ಸಾವಿರಾರು ಮಂದಿ ತಮಗೊಂದು ಪಾತ್ರವನ್ನು ಆಯ್ದುಕೊಂಡು ಒಂದೇ ಕಲ್ಪಿತ ಲೋಕದಲ್ಲಿ ಸಂಚರಿಸುವ ಆನ್‌ಲೈನ್ ಆಟಗಳಲ್ಲಿ, ಅಪರೂಪದ ವಸ್ತುವಿಗಾಗಿ ಒಂದೇ ಶತ್ರುವನ್ನು ಮತ್ತೆ ಮತ್ತೆ ಸೋಲಿಸುವುದಕ್ಕೆ ‘ಫಾರ್ಮಿಂಗ್’ ಎನ್ನುತ್ತಾರೆ; ಹುಬ್ಬಳ್ಳಿ-ಧಾರವಾಡದ ಹಾಸ್ಟೆಲ್‌ಗಳಲ್ಲಿ ಇದಕ್ಕೆ ಇಳಿಯುವ ವಿದ್ಯಾರ್ಥಿಗಳು ಮೊದಲು ಅದರ ಲೆಕ್ಕವನ್ನು ಅರಿಯುವುದು ಒಳಿತು. ‘ಡ್ರಾಪ್ ರೇಟ್’, ಅಂದರೆ ಪ್ರತಿ ಸಲ ಆ ವಸ್ತು ಉದುರುವ ಸಂಭವ, ಶೇ 1ರಷ್ಟಿದ್ದರೆ, 100 ಸಲ ಗೆದ್ದರೂ ಅದು ಒಮ್ಮೆಯಾದರೂ ದೊರೆಯುವ ಸಂಭವ ಸುಮಾರು ಶೇ 63 ಮಾತ್ರ; ಅದು ಶೇ 95ಕ್ಕೆ ಏರಲು ಸುಮಾರು 300 ಗೆಲುವು ಬೇಕು.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ರೂಢಿಯಾದಂತೆ 1ರಿಂದ 100ರೊಳಗೆ ಹೆಚ್ಚಿನ ಸಂಖ್ಯೆ ಬಂದವರಿಗೆ ವಸ್ತು ಸಲ್ಲುವುದಾದರೆ, ಐವರ ತಂಡದಲ್ಲಿ ಒಬ್ಬೊಬ್ಬರ ಪಾಲು ಐದರಲ್ಲೊಂದು, ಆದ್ದರಿಂದ ತಂಡದ ವೇಗ ಒಂಟಿ ಆಟಗಾರರಿಗಿಂತ ಐದು ಪಟ್ಟು ಮೀರಿದಾಗ, ಇಲ್ಲವೇ ಶತ್ರು ಒಬ್ಬರಿಗೆ ಮಣಿಯದಿದ್ದಾಗ ಮಾತ್ರ ತಂಡ ಲಾಭಕರ. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ವಸ್ತು ಉದುರುವ ಆಟಗಳಲ್ಲಾದರೋ ತಂಡವೇ ಮೇಲು.

ಹಂಚಿಕೆಯ ನಿಯಮವನ್ನು ಮೊದಲೇ ಮಾತಾಡಿಕೊಂಡರೆ ಸ್ನೇಹ ಉಳಿಯುತ್ತದೆ. ತಾನಾಗಿ ಆಡುವ ‘ಬಾಟ್’ ತಂತ್ರಾಂಶವನ್ನು ಬಳಸದಿದ್ದರೆ ಖಾತೆ ಉಳಿಯುತ್ತದೆ. ಆಡುವ ಅವಧಿಗೆ ಮುಂಚೆಯೇ ಮಿತಿ ಹಾಕಿಕೊಂಡರೆ ನಿದ್ದೆಯೂ ಓದೂ ಉಳಿಯುತ್ತವೆ.